ನಾಲ್ಕು ಬೆರಳಿನ ಅಂತರ

ಸಂಶೋಧನೆಗೆಂದು ಅವಳು ಬಂಡೆಯ ಮೇಲಿನ ಪಾಚಿಯನ್ನೆಲ್ಲ ಕೆರೆದು, ಅಂಗೈಯಗಲದ ಹನ್ನೆರಡು ತುಣುಕುಗಳನ್ನಷ್ಟೇ ಬಿಟ್ಟಿದ್ದಳು. ಒಂದರಿಂದ ಇನ್ನೊಂದಕ್ಕೆ ನಾಲ್ಕು ಬೆರಳಿನಷ್ಟು ಬರಿಗಲ್ಲು. ಪಾಚಿಯೊಳಗೆ ಬಾಳುವ, ಸಾಸಿವೆಗಿಂತ ಸಣ್ಣ ಹುಳುಗಳಿಗೆ ಅದು ದಾಟಲಾಗದ ಮರುಭೂಮಿ. ಹೀಗೆ ಒಂಟಿಯಾದವು ಹೆಚ್ಚು ದಿನ ಉಳಿಯಲಾರವು ಎಂದು ಅವಳು ಓದಿದ್ದಳು.

ವರ್ಷ ಕಳೆದು ನೋಡಿದರೆ, ಹನ್ನೆರಡರಲ್ಲೂ ಹುಳುಗಳು ಗಿಜಿಗುಡುತ್ತಿದ್ದವು.

ಅವಳಿಗೆ ಅಚ್ಚರಿಗಿಂತ ಹೆಚ್ಚಾಗಿ ಸಮಾಧಾನವಾಯಿತು. ಗಂಡ ತೀರಿಕೊಂಡ ಮೇಲೆ ಈ ಕಾಡಂಚಿನ ಕ್ವಾರ್ಟರ್ಸಿನಲ್ಲಿ ಅವಳೂ ಒಬ್ಬಳೇ. "ನಮ್ಮನೆಗೆ ಬಂದ್ಬಿಡೇ" ಎಂದು ಅಕ್ಕ ಮತ್ತೆ ಫೋನು ಮಾಡಿದಾಗ, "ಯಾರ ಹಂಗೂ ಇಲ್ದೆ ಬದುಕಬಹುದು ಕಣೇ ಅಕ್ಕ. ನನ್ನ ಹುಳುಗಳೇ ಸಾಕ್ಷಿ" ಎಂದು ನಕ್ಕುಬಿಟ್ಟಳು.

ಸಂಜೆ ಕಾವಲುಗಾರ ಚಲುವಯ್ಯ ಎಂದಿನಂತೆ ತನ್ನ ಮನೆಯಿಂದ ಸಾರಿನ ಡಬ್ಬಿ ಹಿಡಿದು ಬಂದ.

"ಹುಳ ಹೆಂಗವೆ ಅಮ್ಮಾವ್ರೆ?"

"ಚೆನ್ನಾಗಿವೆ ಚಲುವಯ್ಯ. ಒಂಟಿಯಾಗಿದ್ದೇ ಬದುಕಿವೆ."

ಅವನ ಮುಖ ಅರಳಿತು. "ಬದುಕ್ದೆ ಇನ್ನೇನು? ವಾರಕ್ಕೊಂದ್ಸಲ ಆಚೆ ಬಂಡೆಯಿಂದ ಒಂದೊಂದು ಚಿಟಿಕೆ ಪಾಚಿ ತಂದು ಅವುಗಳ ಮ್ಯಾಲೆ ಇಕ್ತಿದ್ದೆ. ಅದ್ರಲ್ಲೂ ಹುಳ ಇರ್ತವಲ್ಲ, ಜೊತೆಗಾಯ್ತವೆ ಅಂತ."

ಬರೆಯುತ್ತಿದ್ದ ಅವಳ ಕೈ ನಿಂತಿತು. ಒಂದು ವರ್ಷದ ದುಡಿಮೆ ಮೇಜಿನ ಮೇಲೆ ಹರಡಿಕೊಂಡಿತ್ತು.

"ಹಾಗೆ ಮಾಡು ಅಂತ ನಿಮಗೆ ಯಾರು ಹೇಳಿದ್ರು?" ಅವಳು ಪೆನ್ನು ಕೆಳಗಿಟ್ಟು ಕೇಳಿದಳು.

ಚಲುವಯ್ಯ ಡಬ್ಬಿಯನ್ನು ಅವಳ ಮುಂದಿಟ್ಟು, ಮುಚ್ಚಳ ತೆಗೆದ.

"ಇದನ್ನ ದಿನಾ ತಂದ್ಕೊಡು ಅಂತ ಯಾರು ಹೇಳಿದ್ರು ಅಮ್ಮಾವ್ರೆ?"