ಬಾಯಲ್ಲಿದ್ದ ಗುಂಡುಸೂಜಿ

"ತಪ್ಪು!" ಎಂದಿತು ಮಗ ಹುಡುಕಿಕೊಟ್ಟ ಮೂರನೇ ಆ್ಯಪೂ. ವಿದೇಶಿ ಸೊಸೆಯ ಭಾಷೆ ಕಲಿಯಹೊರಟ ಟೈಲರಮ್ಮ, ಹೊಲಿಗೆ ಬಿಡದೆ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ಸಿಂಹ ಹಾಲು ಕುಡಿಯುತ್ತದೆ" ಎಂಬುದನ್ನು ಆ ಭಾಷೆಯಲ್ಲಿ ಮತ್ತೆ ಒದರಿದರು. ಸಿಂಹ ಕುಡಿದರೆಷ್ಟು, ಬಿಟ್ಟರೆಷ್ಟು! ಅವರಿಗೆ ಬೇಕಿದ್ದದ್ದು "ಊಟ ಆಯ್ತಾ ಮಗಳೇ" ಎಂಬ ಒಂದೇ ಮಾತು.

"ಅಮ್ಮಾ, ನಿನ್ನ ನಾಲಿಗೆ ಹೊರಳಲ್ಲ ಬಿಡು. ಚಿಕ್ಕ ಮಕ್ಕಳ ಆ್ಯಪ್ ಹಾಕ್ಕೊಡ್ತೀನಿ," ಎಂದು ಮಗ ನಕ್ಕ.

ಅಲ್ಲೇ ಕೂತಿದ್ದ ಸೊಸೆಗೆ ಮಾತು ತಿಳಿಯದಿದ್ದರೂ ಆ ನಗು ತಿಳಿಯಿತು. ಎದ್ದು ಬಂದು ಅತ್ತೆಯ ಗಲ್ಲದ ಕೆಳಗೆ ಅಂಗೈ ಒಡ್ಡಿದಳು. ಸೂಜಿಗಳು ಅದರೊಳಗೆ ಉದುರಿದವು. ಒಂದನ್ನೆತ್ತಿ ತನ್ನ ಭಾಷೆಯಲ್ಲಿ ಅದರ ಹೆಸರು ಹೇಳಿದಳು. ಅತ್ತೆಯೂ ಹೇಳಿದರು. ಸೊಸೆ ತಲೆದೂಗಿದಳು.

ಟೈಲರಮ್ಮ ಮೊಬೈಲನ್ನು ಮಗನತ್ತ ತಳ್ಳಿದರು. "ನೀನೇ ಇಟ್ಕೊಳ್ಳೋ, ಜಾಣ. ಬಾಯಲ್ಲೇನಿದೆ ಅಂತ ನೋಡದೆ ತಪ್ಪು ಅನ್ನೋದು ನಿನಗೂ ಈ ಆ್ಯಪ್‌ಗೂ ಸರಿ."