ಬಾಯಿಮಾತಿನ ಪಾಠ

ಮನಸ್ಸಿನಲ್ಲಿ ಅಂದುಕೊಂಡದ್ದು ಎದುರಿನವರಿಗೆ ತಾನಾಗಿ ಕೇಳಿಸತೊಡಗಿದ ಮೇಲೆ ಜನ ಬಾಯಿಬಿಟ್ಟು ಮಾತಾಡುವುದನ್ನೇ ಬಿಟ್ಟಿದ್ದರು. ಹುಟ್ಟಿನಿಂದ ನೀಲಗಂಗಾಳಿಗೆ ಯಾರ ಮನಸ್ಸೂ ಕೇಳಿಸುತ್ತಿರಲಿಲ್ಲ. ಅವಳೊಂದಿಗೆ ಬಾಯಲ್ಲಿ ಮಾತಾಡುತ್ತಿದ್ದವಳು ಅವ್ವ ಒಬ್ಬಳೇ. ಈಗ ಧಾರವಾಡದ ಕಾಲೇಜಿನ ಸಸ್ಯಶಾಸ್ತ್ರ ತರಗತಿಯಲ್ಲಿ ಪ್ರೊಫೆಸರ್ ಹಂಚಿನಮನಿ ಅವಳಿಗಾಗಿ ಬಾಯಿಂದಲೇ ಪಾಠ ಮಾಡಲು ಒಪ್ಪಿದ್ದರು.

ಅವರ ದನಿ ಮೊದಲು ಒಡೆದು, ಕೆಮ್ಮಾಗಿ ಹೊರಬಂತು. ನೀರು ಕುಡಿದು, ಎಲೆಗಳು ಉಸಿರಾಡುವ ಬಗೆಯನ್ನು ನಿಧಾನವಾಗಿ ವಿವರಿಸಿದರು.

"ಕೇಳಸಾಕತ್ತೈತೇನವಾ?"

"ಕೇಳಸಾಕತ್ತೈತ್ರಿ ಸರ್."

ಸ್ವಲ್ಪ ಹೊತ್ತಿಗೆ ಅವರು ಪಾಠ ನಿಲ್ಲಿಸಿ, ಹಿಂದಿನ ಬೆಂಚಿನತ್ತ ನೋಡಿ, "ಇಲ್ಲ, ಅದರಿಂದ ಯಾರೂ ಸಾಯೂದಿಲ್ಲ" ಎಂದರು. ಯಾರೋ ಮನಸ್ಸಿನಲ್ಲೇ ಪ್ರಶ್ನೆ ಕೇಳಿದ್ದರು. ನೀಲಗಂಗಾಳಿಗೆ ಸಿಕ್ಕಿದ್ದು ಉತ್ತರ ಮಾತ್ರ. ಇಷ್ಟು ಮಾಡಿದವರನ್ನು ಇನ್ನೂ ಬೇಡುವುದು ಹೇಗೆಂದು ಅಳುಕಿದಳು. ಆದರೂ ಎದ್ದಳು.

"ಸರ್, ಪ್ರಶ್ನೆ ಏನಿತ್ರಿ?"

ಹಂಚಿನಮನಿ ಹಣೆ ಒತ್ತಿಕೊಂಡರು. "ನನಗ ಹೊಳೀಲೇ ಇಲ್ಲ ನೋಡವಾ. ಮೆಹಬೂಬ, ಬಾಯಿಲೆ ಕೇಳಪಾ."

ಚಿಕ್ಕಂದಿನಲ್ಲಿ ಶಾಲೆಗೆ ಸೇರಿದಂದಿನಿಂದ ಮೆಹಬೂಬ ದನಿ ತೆಗೆದಿರಲಿಲ್ಲ. ಅವನ ಮುಖ ಕೆಂಪೇರಿತು.

"ರಾತ್ರಿ ಗಿಡದ ಕೆಳಗ ಮಲಗಿದ್ರ ಸಾಯ್ತಾರಂತ ನಮ್ಮಜ್ಜಿ ಹೇಳ್ತಾಳ. ಖರೇ ಏನ್ರಿ?"

ಮಾತು ಮೇಕೆಮರಿಯ ಕೂಗಿನಂತೆ ಹೊರಟಿತು. ತರಗತಿಯೆಲ್ಲ ನಕ್ಕಿತು, ಮೆಹಬೂಬನೂ ನಕ್ಕ. ಇಷ್ಟು ವರ್ಷ ಎಲ್ಲರೂ ನಗುವಾಗ ಕಾರಣ ತಿಳಿಯದೆ ನೀಲಗಂಗಾ ಸುಮ್ಮನೆ ತುಟಿ ಅಗಲಿಸುತ್ತಿದ್ದಳು. ಇವತ್ತು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ಅವಳೇ.