ಅವ್ವನ ಗದ್ದದ ಗುರುತು

ಮನೆಯ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದಾರೆ. ಟರ್ಪೆಂಟೈನ್ ವಾಸನೆಗೆ ಕುರುಗೋಡಿನ ಆ ಮಧ್ಯಾಹ್ನ ಮತ್ತೆ ಬಂದು ಕೂತಿದೆ.

ಅವ್ವ ತೀರಿಕೊಂಡು ತಿಂಗಳಾಗಿತ್ತು. ಅವಳದೊಂದು ಫೋಟೊ ಕೂಡ ಇರಲಿಲ್ಲ. ಬಳ್ಳಾರಿಯಿಂದ ಬಂದ ಚಿತ್ರಗಾರ, ಅವ್ವನನ್ನೇ ಹೋಲುವ ಅವಳ ತಂಗಿಗೆ, ಅಂದರೆ ನನ್ನ ಚಿಗವ್ವನಿಗೆ, ಅವ್ವನದೇ ಸೀರೆ ಉಡಲು ಹೇಳಿ ಎದುರಿಗೆ ಕೂರಿಸಿಕೊಂಡ.

"ನಗಬ್ಯಾಡ್ರಿ, ಇದು ತೀರಿಹೋದವರ ಚಿತ್ರ."

"ನಮ್ಮಕ್ಕ ನಗತಿದ್ಲಲ್ರಿ," ಎಂದಳು ಚಿಗವ್ವ.

ನಾನು ಅಜ್ಜಿಯ ಸೆರಗು ಜಗ್ಗಿದೆ. "ಅಜ್ಜಿ, ಅವ್ವನ ಗದ್ದದಾಗ ಎಣ್ಣಿ ಸಿಡಿದ ಗುರುತಿತ್ತು. ಬರೀಲಿಲ್ಲ ನೋಡು."

"ಸುಮ್ಕಿರೇ ಹುಡುಗಿ. ಗ್ವಾಡಿ ಮ್ಯಾಲರ ಚಂದ ಕಾಣ್ಲಿ ಆಕಿ."

ಸಂಜೆ, ಇನ್ನೂ ಒಣಗದ ಚಿತ್ರಕ್ಕೆ ಎಲ್ಲರೂ ಕೈಮುಗಿದರು. ನಾನೂ ಮುಗಿದೆ.

ಮುಂದೆ ನನ್ನನ್ನು ಸೇರಿಸಿದ ಕಾನ್ವೆಂಟ್ ಶಾಲೆಯ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದರೆ ಮೊದಮೊದಲು ಅವ್ವ ಕಾಣುತ್ತಿದ್ದಳು. ಆಮೇಲಾಮೇಲೆ ಅಲ್ಲಿಗೂ ನುಣುಪು ಗದ್ದದ ಚಿಗವ್ವನೇ ಬರತೊಡಗಿದಳು, ನಗದೆ.